ಎರಡು ಸಲ ಬಿದ್ದ ಅಮ್ಮನನ್ನು ಕೂರಿಸಿಬಿಡಬೇಕೇ?

ಪ್ರಶ್ನೆ: ಮೇಡಂ, ನಮ್ಮ ಅಮ್ಮನಿಗೆ 74 ವರ್ಷ. ಸಾಗರದ ಹತ್ತಿರ ಹಳ್ಳಿಮನೆ. ಈ ಮಳೆಗಾಲದಲ್ಲಿ ಎರಡು ಸಲ ಬಿದ್ದರು. ಒಮ್ಮೆ ಬಚ್ಚಲಲ್ಲಿ ಜಾರಿ, ಇನ್ನೊಮ್ಮೆ ನಡುಮನೆಯಲ್ಲಿ ಎಡವದೆ, ಸುಮ್ಮನೆ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಈಗ ಅವರಿಗೂ ಭಯ, ನಮಗೂ ಭಯ. ‘ಏಳಲೇ ಬೇಡ, ಏನು ಬೇಕೋ ಕೇಳು’ ಅಂದಿದ್ದೇವೆ. ಬೆಳಗ್ಗೆ ಕೈ ಹಿಡಿದು ಅಂಗಳದಲ್ಲಿ ಒಂದು ಸುತ್ತು ನಡೆಸುತ್ತೇವೆ. ಅಷ್ಟು ಸಾಕಾ?

ಉತ್ತರ (ಫಿಸಿಯೋಥೆರಪಿಸ್ಟ್): ಸಾಲದು. ಕೂರಿಸಿಟ್ಟಷ್ಟೂ ತೊಡೆಯ ಸ್ನಾಯು ಕರಗುತ್ತದೆ, ಮುಂದಿನ ಸಲ ಬೀಳುವುದು ಇನ್ನೂ ಸುಲಭವಾಗುತ್ತದೆ. ಕೈ ಹಿಡಿದು ನಡೆಸಿದರೆ ಸಮತೋಲನದ ಕೆಲಸವೆಲ್ಲ ನಿಮ್ಮ ಕೈ ಮಾಡುತ್ತದೆ, ಅವರ ಪಾದ ಏನೂ ಕಲಿಯುವುದಿಲ್ಲ. ಬೀಳುವುದನ್ನು ತಡೆಯುವ ವಿಷಯದಲ್ಲಿ ಬರೀ ನಡಿಗೆಯಿಂದ ದೊಡ್ಡ ಲಾಭವಿಲ್ಲ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯಲ್ಲೇ ಮಾಡುವ ವ್ಯಾಯಾಮಗಳನ್ನು ರೂಪಿಸಿದರು. ವಾರಕ್ಕೆ ಮೂರು ದಿನ, ಅರ್ಧ ಗಂಟೆ ಕಾಲಿನ ಬಲ ಮತ್ತು ಸಮತೋಲನಕ್ಕೆ; ಜೊತೆಗೆ ನಡಿಗೆ. ಅವರ ಅಧ್ಯಯನಗಳಲ್ಲಿ ಬೀಳುವುದು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಅದಕ್ಕೆ ಜಿಮ್ ಬೇಡ, ನಿಮ್ಮ ಅಡುಗೆಕಟ್ಟೆ ಸಾಕು. ಕಟ್ಟೆ ಹಿಡಿದು ತುದಿಗಾಲಲ್ಲಿ ಏಳುವುದು, ಹಿಮ್ಮಡಿಯ ಮೇಲೆ ನಿಲ್ಲುವುದು, ಅಡ್ಡಡ್ಡ ಹೆಜ್ಜೆ ಹಾಕುವುದು. ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಎಲ್ಲಕ್ಕಿಂತ ಮುಖ್ಯ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಆಮೇಲೆ ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ ನಿಲ್ಲುವುದು. ಹೀಗೆ 10 ಸೆಕೆಂಡು ನಿಲ್ಲಲಾಗದಿದ್ದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. ಮೊದಲು ಎರಡು ಕೈ, ಆಮೇಲೆ ಒಂದು ಕೈ, ಆಮೇಲೆ ಬೆರಳು ಮಾತ್ರ ತಾಗಿಸಿ. ಸ್ವಲ್ಪ ಓಲಾಡಬೇಕು. ಓಲಾಡದೆ ಆರಾಮಾಗಿ ಮಾಡಿ ಮುಗಿಸಿದರೆ ಅದು ಸಮತೋಲನದ ವ್ಯಾಯಾಮವೇ ಅಲ್ಲ. ನೀವು ಹಿಂದೆ ನಿಂತಿರಿ, ಹಿಡಿಯಬೇಡಿ. ಶುರುವಿಗೆ ಮೊದಲು ಒಮ್ಮೆ ಹತ್ತಿರದ ಫಿಸಿಯೋ ಕಡೆ ತೋರಿಸಿ, ಎಲ್ಲಿಂದ ಆರಂಭಿಸಬೇಕೆಂದು ಅವರು ನೋಡಿ ಹೇಳುತ್ತಾರೆ.

ಬಚ್ಚಲಲ್ಲಿ ಜಾರಿದ್ದಕ್ಕಿಂತ ನಡುಮನೆಯಲ್ಲಿ ಬಿದ್ದದ್ದೇ ನನಗೆ ಹೆಚ್ಚು ಚಿಂತೆ. ಆಗ ಏನು ಮಾಡುತ್ತಿದ್ದರು?

ಪ್ರಶ್ನೆ ಕೇಳಿದವರು: ಊಟ ಮುಗಿಸಿ ಎದ್ದು ಎರಡು ಹೆಜ್ಜೆ ಇಟ್ಟಿದ್ದರು ಅಷ್ಟೇ. ಬಿಪಿ ಮಾತ್ರೆ ಇದೆ, ರಾತ್ರಿ ನಿದ್ದೆ ಮಾತ್ರೆಯೂ ಇದೆ.

ಉತ್ತರ: ಹಾಗಾದರೆ ವ್ಯಾಯಾಮಕ್ಕಿಂತ ಮೊದಲು ಡಾಕ್ಟರ ಹತ್ತಿರ ಹೋಗಿ. ಮಲಗಿಸಿ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ಬಿಪಿ ನೋಡಲು ಕೇಳಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು. ವಯಸ್ಸಾದವರಿಗೆ ಊಟದ ನಂತರವೂ ಬಿಪಿ ಇಳಿಯುವುದುಂಟು. ನಿದ್ದೆ ಮಾತ್ರೆಯ ವಿಷಯ ತಪ್ಪದೆ ಹೇಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಅಲ್ಲಿಯವರೆಗೆ ಎದ್ದ ಕೂಡಲೇ ನಡೆಯದೆ, ಕುರ್ಚಿ ಹಿಡಿದು ಸ್ವಲ್ಪ ಹೊತ್ತು ನಿಲ್ಲಲಿ.

ಬಚ್ಚಲಿಗೆ ಗೋಡೆಯಲ್ಲಿ ಹಿಡಿಕೆ ಹಾಕಿಸಿ, ಅಂಗಳದ ಪಾಚಿ ಉಜ್ಜಿಸಿ. ಸವೆದ ಹವಾಯಿ ಚಪ್ಪಲಿ ಎಸೆಯಿರಿ.

ಇನ್ನೊಬ್ಬರು: ನಮ್ಮ ಅಪ್ಪನಿಗೆ ಎಡ ಮಂಡಿ ನೋವು, ಕೋಲನ್ನೂ ಎಡಗೈಯಲ್ಲೇ ಹಿಡಿಯುತ್ತಾರೆ. ಸರಿಯಾ?

ಉತ್ತರ: ಬಲಗೈಯಲ್ಲಿ ಹಿಡಿಯಬೇಕು. ಎಡಗಾಲು ಇಡುವಾಗಲೇ ಕೋಲು ಮುಂದೆ ಹೋಗಬೇಕು. ಕೈ ಇಳಿಬಿಟ್ಟು ನಿಂತಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕಿರಲಿ. ಬುಡದ ರಬ್ಬರ್ ಸವೆದಿದ್ದರೆ ಹೊಸದು ಹಾಕಿಸಿ.

ಮತ್ತೊಬ್ಬರು: ಕ್ಯಾಲ್ಸಿಯಂ ಕೊಟ್ಟರೆ ಬೀಳುವುದು ಕಡಿಮೆಯಾಗುತ್ತಾ ಮೇಡಂ?

ಉತ್ತರ: ಇಲ್ಲ. ಅದು ಮೂಳೆಯ ವಿಷಯ, ಕೊಡಬೇಕೋ ಬೇಡವೋ ಡಾಕ್ಟರು ಹೇಳುತ್ತಾರೆ.

ಪ್ರಶ್ನೆ ಕೇಳಿದವರು: ಹಗಲು ಅಮ್ಮ ಒಬ್ಬರೇ ಇರುತ್ತಾರೆ. ಆಗ ಬಿದ್ದರೆ ಏಳುವುದು ಹೇಗೆ?

ಉತ್ತರ: ಇದನ್ನು ಮೊದಲೇ ಅಭ್ಯಾಸ ಮಾಡಿಸಬೇಕು, ಹೆಚ್ಚಿನವರು ಮಾಡಿಸುವುದೇ ಇಲ್ಲ. ಬಿದ್ದ ಕೂಡಲೇ ಏಳಲು ಹೋಗಬಾರದು. ಉಸಿರು ತಹಬಂದಿಗೆ ಬಂದ ಮೇಲೆ ಮಗ್ಗುಲಿಗೆ ಹೊರಳಿ, ಅಂಬೆಗಾಲಲ್ಲಿ ಗಟ್ಟಿ ಕುರ್ಚಿಯ ಹತ್ತಿರ ಹೋಗಿ, ಅದರ ಮೇಲೆ ಕೈ ಊರಿ, ಬಲವಿರುವ ಕಾಲನ್ನು ಮುಂದಿಟ್ಟು ಎದ್ದು, ತಿರುಗಿ ಕೂರಬೇಕು. ಸೊಂಟ, ತೊಡೆಸಂದಿಯಲ್ಲಿ ವಿಪರೀತ ನೋವಿದ್ದರೆ ಅಥವಾ ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಯಾರೂ ಎತ್ತಿ ನಿಲ್ಲಿಸಬೇಡಿ, 108ಕ್ಕೆ ಫೋನ್ ಮಾಡಿ. ಮೊಬೈಲನ್ನು ಮೇಜಿನ ಮೇಲಿಡದೆ ಅವರ ಕೊರಳಿಗೇ ಚೀಲದಲ್ಲಿ ಹಾಕಿಬಿಡಿ.