ಅಮೆರಿಕದ ನ್ಯಾಶ್‌ವಿಲ್‌ಗೆ ಬರುವವರಿಗೆ, ಬ್ಯಾಂಜೋ ವಿಷಯವಾಗಿ

"ಅಲ್ಲಿ ಬರೀ ಕಂಟ್ರಿ ಮ್ಯೂಸಿಕ್, ಬಿಳಿಯರ ಹಳ್ಳಿ ಹಾಡು. ನಮ್ಮ ಮಕ್ಕಳು ಹೊಂದಿಕೊಳ್ತಾರಾ?" ಅಂತ ಒಬ್ಬರು ಕೇಳಿದ್ದೀರಿ. ಸ್ಕೂಲ್, ಮನೆ ವಿಷಯ ಉಳಿದವರು ಹೇಳಿದ್ದಾರೆ. ನಾನು ಹಾಡಿನ ವಿಷಯಕ್ಕೆ ಬರುತ್ತೇನೆ.

ಕಳೆದ ವರ್ಷ ಮಗಳು ಬ್ಯಾಂಜೋ, ಅಂದರೆ ಕಂಟ್ರಿ ಹಾಡಿನಲ್ಲಿ ನುಡಿಸುವ ತಂತಿ ವಾದ್ಯ, ಕಲಿಯುತ್ತೇನೆ ಅಂದಳು. "ಅದು ನಮ್ಮದಲ್ಲ ಪುಟ್ಟಿ, ವಯಲಿನ್ ಕಲಿ" ಅಂದೆ. ಅವಳ ಮೇಷ್ಟ್ರು ಏನೂ ವಾದ ಮಾಡಲಿಲ್ಲ. ಹಳೇ ಮಾದರಿಯ ಒಂದು ಬ್ಯಾಂಜೋ ತಂದು ನನ್ನ ಕೈಗೆ ಕೊಟ್ಟರು. ಒಣಗಿದ ಸೋರೆ ಬುರುಡೆ, ಅದರ ಬಾಯಿಗೆ ಬಿಗಿದ ಚರ್ಮ. ನಮ್ಮ ತಂಬೂರಿಯದೂ ಸೋರೆ ಬುರುಡೆಯೇ ಅಲ್ವಾ! ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದ ಜನ ತಮ್ಮೂರಿನ ವಾದ್ಯ ನೆನೆದು ಕಟ್ಟಿಕೊಂಡದ್ದು ಈ ಬ್ಯಾಂಜೋ.

ಅಮೆರಿಕದ ದಕ್ಷಿಣದ ಹಳ್ಳಿಗಳಲ್ಲಿ ಕಪ್ಪು ಜನ, ಬಿಳಿ ಜನ ಒಬ್ಬರ ಹಾಡು ಒಬ್ಬರು ಕಲಿಯುತ್ತಿದ್ದರು. ಕಂಟ್ರಿಯ ದೊಡ್ಡ ಹೆಸರು, ಬಿಳಿ ಗಾಯಕ ಹ್ಯಾಂಕ್ ವಿಲಿಯಮ್ಸ್‌ಗೆ ಹುಡುಗನಾಗಿದ್ದಾಗ ಪಾಠ ಹೇಳಿದ್ದು ರೂಫಸ್ ಪೇನ್ ಎಂಬ ಕಪ್ಪು ಬೀದಿ ಗಾಯಕ. ಈ ಹಾಡುಗಳನ್ನು ಬಣ್ಣ ನೋಡಿ ಪಾಲು ಮಾಡಿದ್ದು ಪೇಟೆಯ ರೆಕಾರ್ಡ್ ಕಂಪನಿಗಳು. 1920ರ ದಶಕದಲ್ಲಿ ಕಪ್ಪು ಜನರದ್ದಕ್ಕೆ 'ರೇಸ್ ರೆಕಾರ್ಡ್' (ಜನಾಂಗದ ರೆಕಾರ್ಡ್), ಬಿಳಿಯರದ್ದಕ್ಕೆ 'ಹಿಲ್‌ಬಿಲಿ' (ಗುಡ್ಡಗಾಡಿನ ಹಳ್ಳಿಗ) ಅಂತ ಚೀಟಿ ಅಂಟಿಸಿ ಮಾರಿದರು. ಹಳ್ಳಿ ಅಂದರೆ ಬಿಳಿಯರದ್ದು ಅನ್ನುವ ಚಿತ್ರ ಹಾಗೆ ಗಟ್ಟಿಯಾಯಿತು.

ಇಲ್ಲಿನ ಹೆಸರಾಂತ ರೇಡಿಯೋ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿ ಶುರುವಾದದ್ದು 1925ರಲ್ಲಿ. ಅದು ಬರುತ್ತಿದ್ದ ರೇಡಿಯೋ ಸ್ಟೇಷನ್ ನಡೆಸುತ್ತಿದ್ದದ್ದು ಒಂದು ಇನ್ಶೂರೆನ್ಸ್ ಕಂಪನಿ! ಪಾಲಿಸಿ ಮಾರುವವರ ಕಟ್ಟಡದಿಂದ ಹಳ್ಳಿ ಹಾಡು. ಅದರ ಮೊದಲ ತಾರೆಗಳಲ್ಲಿ ಒಬ್ಬ ಡಿಫೋರ್ಡ್ ಬೈಲಿ, ಕಪ್ಪು ಮನುಷ್ಯ. ಮೌತ್ ಆರ್ಗನ್‌ನಲ್ಲಿ ರೈಲನ್ನೇ ಓಡಿಸುತ್ತಿದ್ದ. ಪ್ರವಾಸ ಹೋದರೆ ಜೊತೆಯವರಿಗೆ ಸಿಕ್ಕುತ್ತಿದ್ದ ಹೋಟೆಲ್ ಅವನಿಗಿಲ್ಲ. 1941ರಲ್ಲಿ ಅವನನ್ನು ಕೈಬಿಟ್ಟರು. ಆಮೇಲೆ ಇದೇ ಊರಲ್ಲಿ ಬೂಟ್ ಪಾಲಿಶ್ ಅಂಗಡಿ ಇಟ್ಟುಕೊಂಡು ಬದುಕಿದ. ದೊಡ್ಡ ಕಲಾವಿದರಿಗೆ ಗೌರವ ಕೊಡುವ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಸೇರಿದ್ದು 2005ರಲ್ಲಿ. ಅಷ್ಟರಲ್ಲಿ ಅವನು ತೀರಿಕೊಂಡು ಎರಡು ದಶಕ ದಾಟಿತ್ತು.

ಈ ಕಥೆ ಕೇಳಿ ಮಗಳು "ಅಪ್ಪಾ, ಹಾಗಾದ್ರೆ ನನಗ್ಯಾಕೆ ನಮ್ಮದಲ್ಲ ಅಂದೆ?" ಅಂದಳು. ಉತ್ತರ ಇರಲಿಲ್ಲ. ಸುಮ್ನೆ ಬಾಡಿಗೆ ಬ್ಯಾಂಜೋ ತಂದುಕೊಟ್ಟೆ.

ನೀವು ಬಂದರೆ ಡೌನ್‌ಟೌನ್‌ನಲ್ಲಿ 2021ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಸಂಗೀತದ ಮ್ಯೂಸಿಯಂಗೆ ಮಕ್ಕಳನ್ನು ಒಂದು ದಿನ ಕರೆದುಕೊಂಡು ಹೋಗಿ. ಬ್ಯಾಂಜೋ ಬೇಕು ಅಂತ ಹಟ ಹಿಡಿದರೆ ಮೊದಲು ಬಾಡಿಗೆಗೆ ತನ್ನಿ. ಸದ್ದು ಜಾಸ್ತಿ, ಅಪಾರ್ಟ್‌ಮೆಂಟ್ ಆದರೆ ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ.