ಸುಬ್ಬಣ್ಣನವರ ಹೊಸ ಅಳಿಯ

"ನಮ್ಮ ಸುಬ್ಬಣ್ಣನವರ ಮನೆಗೆ ಹೊಸ ಅಳಿಯ ಬಂದಿದ್ದಾನೆ. ಅವನಿಗೆ ಚಳಿ ಒಗ್ಗುವುದಿಲ್ಲ, ಒಣಗಾಳಿ ಒಗ್ಗುವುದಿಲ್ಲ, ಕೊಳವೆಬಾವಿಯ ನೀರು ಒಗ್ಗುವುದಿಲ್ಲ, ಏಪ್ರಿಲ್ ತಿಂಗಳ ಬಿಸಿಲಂತೂ ಒಗ್ಗುವುದೇ ಇಲ್ಲ. ಒಗ್ಗಿರುವುದು ಒಂದೇ, ಮಾವನ ಪಿಂಚಣಿ" ಎಂದು ರಾಯರು ಕುರ್ಚಿಯಲ್ಲಿ ಕೂರುವ ಮೊದಲೇ ಸಭೆಯನ್ನು ಆರಂಭಿಸಿಬಿಟ್ಟರು.

ಅಳಿಯನೆಂದರೆ ಪೋರ್ಟಿಕೋದ ಮೂಲೆಯಲ್ಲಿ ಹೊಳಪಿನ ಕುಂಡದೊಳಗೆ ಕೆಂಪು ದಂಟುಗಳನ್ನು ಮೆರೆಸುತ್ತ ನಿಂತಿದ್ದ ಲಿಪ್‌ಸ್ಟಿಕ್ ಪಾಮ್. ಅದರ ಎಡಕ್ಕೆ ಒದ್ದೆ ಗೋಣಿಚೀಲದ ಪರದೆ. ಬಲಕ್ಕೆ, ಮೊಮ್ಮಗುವಿನ ನೆಗಡಿಗೆಂದು ಕೊಂಡಿದ್ದ, ಸದಾ ಹಬೆಯುಗುಳುವ ಯಂತ್ರ. ಮೊಮ್ಮಗುವಿನ ನೆಗಡಿ ವಾಸಿಯಾಯಿತೇ ಎಂದು ಯಾರೂ ವಿಚಾರಿಸಿರಲಿಲ್ಲ. ಯಂತ್ರ ಮಾತ್ರ ಅಳಿಯನ ಸೇವೆಗೆ ವರ್ಗವಾಗಿತ್ತು.

"ನೀವು ನಗಬಹುದು ರಾಯರೇ. ಆದರೆ ನರ್ಸರಿಯವರು ಕಟ್ಟಿದ ಚೀಟಿಯಲ್ಲಿ ಇದು ಉಷ್ಣವಲಯದ ಗಿಡವೆಂದು ಸ್ಪಷ್ಟವಾಗಿ ಬರೆದಿದೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇದು ಉಷ್ಣವಲಯವಲ್ಲವೆಂದು ನೀವು ಸಾಧಿಸಿ ತೋರಿಸಿ" ಎಂದು ಸುಬ್ಬಣ್ಣನವರು ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ತಿರಸ್ಕರಿಸುತ್ತಿದ್ದ ಕಾಲದ ಧ್ವನಿಯಲ್ಲಿ ಕೇಳಿದರು.

"ಅಕ್ಷಾಂಶವನ್ನು ನೋಡಿದಿರಿ, ಎತ್ತರವನ್ನು ನೋಡಲಿಲ್ಲ" ಎಂದರು ರಾಯರು. "ಈ ಹುಡುಗನ ಹುಟ್ಟೂರು ಮಲಯ ಪರ್ಯಾಯದ್ವೀಪ, ಸುಮಾತ್ರ, ಬೋರ್ನಿಯೋಗಳ ತಗ್ಗುಪ್ರದೇಶದ ಜೌಗು ಕಾಡು. ಅಲ್ಲಿ ವರ್ಷವಿಡೀ ರಾತ್ರಿಯೂ ಹಗಲೂ ಬೆಚ್ಚಗಿರುತ್ತದೆ, ಬೇರಿಗೆ ನೀರು ತಪ್ಪುವುದಿಲ್ಲ, ಗಾಳಿಗೆ ತೇವ ತಪ್ಪುವುದಿಲ್ಲ. ನೀವೋ ಅವನನ್ನು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಪ್ರಸ್ಥಭೂಮಿಗೆ ಕರೆತಂದಿದ್ದೀರಿ. ಇಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿದು ಅವನನ್ನು ನಡುಗಿಸುತ್ತವೆ, ಆ ನಡುಕ ನಿಂತಿತು ಎನ್ನುವಷ್ಟರಲ್ಲಿ ಮಾರ್ಚ್ ತಿಂಗಳ ಒಣಗಾಳಿ ಬಂದು ಗರಿಗಳ ತುದಿಯನ್ನು ಸುಡುತ್ತದೆ. ಇದೇ ಗಿಡವನ್ನು ಮಂಗಳೂರಿನ ಹಿತ್ತಿಲಿನಲ್ಲಿ ನೆಟ್ಟು ನೀರು ಕೊಟ್ಟಿದ್ದರೆ, ಅದು ನಿಮ್ಮ ಹೆಸರನ್ನೂ ಕೇಳದೆ ಬೆಳೆಯುತ್ತಿತ್ತು."

ಕಾಫಿಯ ತಟ್ಟೆಯೊಡನೆ ಬಂದ ಜಯಮ್ಮನವರು ಅಲ್ಲಿಯೇ ನಿಂತರು. "ನಮ್ಮ ನಿಜವಾದ ಅಳಿಯಂದಿರು ಹೋದ ಸಲ ದೀಪಾವಳಿಗೆ ಬಂದಾಗ ಗೀಸರ್ ಕೆಟ್ಟಿತ್ತು. ತಣ್ಣೀರು ಆರೋಗ್ಯಕ್ಕೆ ಒಳ್ಳೆಯದು ಎಂದು ಇವರು ಅವರಿಗೆ ಉಪದೇಶ ಮಾಡಿದರು. ಈ ಅಳಿಯನಿಗೆ ಮಾತ್ರ ದಿನವೂ ಆರ್‌ಓ ಯಂತ್ರದ ನೀರನ್ನು ಉಗುರುಬೆಚ್ಚಗೆ ಮಾಡಿ ಹಾಕುತ್ತಾರೆ. ಕೊಳವೆಬಾವಿಯ ನೀರಿನ ಉಪ್ಪಿಗೆ ಗರಿ ಕಂದುಗಟ್ಟುತ್ತದೆಯಂತೆ. ಆ ನೀರಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವಳು ಕಂದುಗಟ್ಟಿದ್ದನ್ನು ಯಾರೂ ನೋಡಲಿಲ್ಲ."

ಈ ಮಾತಿಗೆ ಉತ್ತರವಿಲ್ಲವೆಂಬುದು ಎಲ್ಲರಿಗೂ ತಿಳಿದಿದ್ದರಿಂದ ಎಲ್ಲರೂ ಕಾಫಿಯನ್ನು ಹೊಗಳಿದರು.

ಭಟ್ಟರಿಗೆ ಪಾಮ್ ಎಂಬ ಹೆಸರೇ ಅಸಮಾಧಾನ ತಂದಿತ್ತು. "ನಮ್ಮ ಅಡಿಕೆಯೂ ಅದೇ ಜಾತಿಯದಲ್ಲವೇ? ಅದನ್ನು ಯಾರಾದರೂ ಪೋರ್ಟಿಕೋದಲ್ಲಿ ನಿಲ್ಲಿಸಿ ಹಬೆ ಕೊಟ್ಟಿದ್ದಾರೆಯೇ?" ಎಂದು ಅವರು ಪುತ್ತೂರಿನ ಪರವಾಗಿ ವಾದ ಹೂಡಿದರು.

"ಕೊಟ್ಟಿಲ್ಲ ಭಟ್ಟರೇ, ಆದರೆ ನೀವು ಅದಕ್ಕೆ ಬಟ್ಟೆ ತೊಡಿಸುತ್ತೀರಿ" ಎಂದರು ರಾಯರು.

ಅದು ನಿಜವಾಗಿತ್ತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿಯೂ ಅಡಿಕೆಗೆ ಬಿಸಿಲಿನ ಭಯ ತಪ್ಪಿದ್ದಲ್ಲ. ಮಳೆಗಾಲ ಕಳೆದು ಸೂರ್ಯ ದಕ್ಷಿಣಕ್ಕೆ ವಾಲಿದಾಗ, ಮಧ್ಯಾಹ್ನದ ನಂತರ ನೈಋತ್ಯದಿಂದ ಓರೆಯಾಗಿ ಬೀಳುವ ಕಿರಣಗಳು ಕಾಂಡದ ಒಂದೇ ಮಗ್ಗುಲನ್ನು ದಿನವೂ ಸುಡುತ್ತವೆ. ಆ ಮಗ್ಗುಲು ಹಳದಿಗೆ ತಿರುಗಿ, ಕಂದಾಗಿ, ಸೀಳುಬಿಟ್ಟು, ಎಷ್ಟೋ ವರ್ಷಗಳ ಮೇಲೆ ಒಂದು ಗಾಳಿಗೆ ಮರ ಅಲ್ಲಿಯೇ ಮುರಿಯುತ್ತದೆ. ಆದ್ದರಿಂದಲೇ ಎಳೆಯ ಮರಗಳಿಗೆ ಅಡಿಕೆಯ ಹಾಳೆಯನ್ನೋ ಸೋಗೆಯನ್ನೋ ಕಟ್ಟುವುದು, ಕಾಂಡಕ್ಕೆ ಸುಣ್ಣ ಬಳಿಯುವುದು, ಸಾಲುಗಳನ್ನೇ ನೇರ ಉತ್ತರ ದಕ್ಷಿಣಕ್ಕೆ ಇಡದೆ 35 ಡಿಗ್ರಿಯಷ್ಟು ಪಶ್ಚಿಮಕ್ಕೆ ಓರೆ ಮಾಡುವುದು. ಮನೆಯ ಮುಂದೆ ಚೆಂದಕ್ಕೆಂದು ಎರಡು ಅಡಿಕೆ ಸಸಿ ನೆಟ್ಟು, ಪಶ್ಚಿಮದ ಗೋಡೆಗೆ ಬಿಳಿ ಬಣ್ಣ ಹೊಡೆಸುವ ಪಟ್ಟಣಿಗರಿಗೆ ಇದನ್ನು ಯಾರೂ ಹೇಳುವುದಿಲ್ಲ. ಆಕಾಶದ ಬಿಸಿಲು ಸಾಲದೆಂದು ಗೋಡೆಯ ಬಿಸಿಲೂ ಸಸಿಯ ಪಾಲಿಗೆ ಸೇರುತ್ತದೆ.

"ಬಿಸಿಲಿಗೆ ಹಾಳೆ, ಮಳೆಗೆ ಕೊಟ್ಟೆ" ಎಂದು ಭಟ್ಟರು ತಾವೇ ಮುಂದುವರಿಸಿದರು. "ಮುಂಗಾರು ಬಿಡದೆ ಸುರಿದರೆ ಗೊನೆಗೆ ಕೊಳೆರೋಗ ಬರುತ್ತದೆ. ನಮ್ಮ ಅಜ್ಜ ಗೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟಿಸುತ್ತಿದ್ದರು. ಆಮೇಲೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬಂತು. ಮೈಸೂರು ಸಂಸ್ಥಾನದಲ್ಲಿ ಆ ರೋಗದ ಬೆನ್ನುಹತ್ತಿದವರು 1908ರಲ್ಲಿ ಇಲ್ಲಿಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್."

"ನೋಡಿದಿರಾ ಸುಬ್ಬಣ್ಣ, ಶತಮಾನಗಳಿಂದ ಮನೆಯಲ್ಲಿಯೇ ಇರುವ ಅಳಿಯನ ಮುನಿಸೇ ಇನ್ನೂ ತೀರಿಲ್ಲ. ಅವನನ್ನು ಸಮಾಧಾನಪಡಿಸಲು ಕೆನಡಾದಿಂದ ಜನ ಬರಬೇಕಾಯಿತು. ನಿಮ್ಮವನು ಬಂದು ಒಂದು ಚಳಿಗಾಲವಾಗಿದೆ" ಎಂದರು ರಾಯರು.

ಸುಬ್ಬಣ್ಣನವರು ಸೋಲೊಪ್ಪುವವರಲ್ಲ. ಮೊಬೈಲನ್ನು ತೆರೆದು ತಾವು ಮುಂದೆ ತರಿಸಬೇಕೆಂದಿರುವ ವರಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು: ಮಡಗಾಸ್ಕರದ ಅರೆಕಾ ಪಾಮ್, ಮಾರಿಷಸ್ಸಿನ ಹೊಟ್ಟೆಯುಬ್ಬಿದ ಬಾಟಲ್ ಪಾಮ್, ಆಸ್ಟ್ರೇಲಿಯಾದ ಫಾಕ್ಸ್‌ಟೇಲ್ ಪಾಮ್. ರಾಯರು ಎಲ್ಲವನ್ನೂ ಒಂದೇ ಏಟಿಗೆ ತಳ್ಳಿಹಾಕುವರೆಂದು ಎಲ್ಲರೂ ಕಾದರು. ರಾಯರು ಕನ್ನಡಕವನ್ನು ಸರಿಪಡಿಸಿಕೊಂಡು ಕೊನೆಯ ಚಿತ್ರದ ಬಳಿ ನಿಂತರು.

"ಈ ಫಾಕ್ಸ್‌ಟೇಲ್ ಹುಡುಗನ ಬಗ್ಗೆ ನನ್ನ ತಕರಾರಿಲ್ಲ. ಅವನ ಊರು ಕ್ವೀನ್ಸ್‌ಲ್ಯಾಂಡಿನ ಕೇಪ್ ಮೆಲ್ವಿಲ್, ಗ್ರಾನೈಟ್ ಬಂಡೆಗಳ ರಾಶಿ. ಕೆಲವು ತಿಂಗಳು ಮಳೆ, ಕೆಲವು ತಿಂಗಳು ಒಣಹವೆ ಅವನಿಗೆ ಅಭ್ಯಾಸ. 1983ರವರೆಗೆ ಸಸ್ಯಶಾಸ್ತ್ರದಲ್ಲಿ ಅವನಿಗೆ ಹೆಸರೇ ಇರಲಿಲ್ಲ. ಈಗ ನಮ್ಮ ಪ್ರತಿ ಬಡಾವಣೆಯ ಗೇಟಿನಲ್ಲೂ ನಿಂತಿದ್ದಾನೆ, ಬಂಡೆಯ ಮೇಲೆ ಕುಳಿತ ಬೆಂಗಳೂರಿನಲ್ಲಿ ಅವನಿಗೆ ಅಂಥ ಕಷ್ಟವೇನೂ ಇಲ್ಲ. ಕುಲಗೋತ್ರ ವಿಚಾರಿಸಿ ತಂದರೆ ಬಾಳುವೆಯಾಗುತ್ತದೆ ಎನ್ನುವುದಷ್ಟೇ ನನ್ನ ವಾದ. ನೀವು ಮುಖ ನೋಡಿ ಒಪ್ಪುತ್ತೀರಿ, ಅದೂ ಮೊಬೈಲಿನಲ್ಲಿ."

"ಹಾಗಾದರೆ ಪಕ್ಕದ ರಸ್ತೆಯವರು ಮಾಡಿದ್ದೇನು?" ಎಂದು ಸುಬ್ಬಣ್ಣನವರು ತಮ್ಮ ತಪ್ಪಿಗಿಂತ ದೊಡ್ಡ ತಪ್ಪನ್ನು ಹುಡುಕಿ ತಂದರು. ಪಕ್ಕದ ರಸ್ತೆಯಲ್ಲಿ ಗೃಹಪ್ರವೇಶದ ಹಿಂದಿನ ರಾತ್ರಿ ಎರಡು ಬೆಳೆದ ರಾಯಲ್ ಪಾಮ್‌ಗಳನ್ನು ಕ್ರೇನಿನಲ್ಲಿ ಇಳಿಸಿ ಗೇಟಿನ ಎರಡೂ ಬದಿಗೆ ನಿಲ್ಲಿಸಿದ್ದರು.

ಇದು ರಾಯರ ಹಳೆಯ ಗಾಯ. "ಅದೂ ಡಿಸೆಂಬರಿನಲ್ಲಿ! ಪಾಮಿನ ಬೇರು ಮಣ್ಣು ಬೆಚ್ಚಗಿದ್ದಾಗ ಚುರುಕಾಗಿ ಚಿಗುರುತ್ತದೆ. ಬೇರು ಕತ್ತರಿಸಿ ತಂದ ಮರವನ್ನು ತಣ್ಣನೆಯ ಒಣ ಮಣ್ಣಿನಲ್ಲಿ ನಿಲ್ಲಿಸಿದರೆ ಅದು ಏನು ಮಾಡಬೇಕು? ಮುಂಗಾರಿನ ತನಕ ಕಾಯಬಹುದಿತ್ತು. ಆದರೆ ಪುರೋಹಿತರು ಮನೆಗೆ ಮುಹೂರ್ತ ಇಟ್ಟರೇ ಹೊರತು ಮರಕ್ಕೆ ಇಡಲಿಲ್ಲ. ಇನ್ನು ಅವು ಬದುಕಿದರೂ ಕಷ್ಟವೇ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಗಾಳಿ ಬೀಸಲಿ. ರಾಯಲ್ ಪಾಮಿನ ಒಣಗಿದ ಗರಿ ಬುಡದ ಹಾಳೆಯ ಸಮೇತ ಬಿದ್ದಾಗ ಕೆಳಗೆ ನಿಂತ ಕಾರಿನ ಗಾಜು ಉಳಿಯುವುದಿಲ್ಲ. ಲಾಲ್‌ಬಾಗಿನಲ್ಲಿ ಅದಕ್ಕೆ ಬೀಳಲು ಜಾಗವಿದೆ. ಮೂವತ್ತು ನಲವತ್ತರ ಸೈಟಿನಲ್ಲಿ ಜಾಗವಿರುವುದು ಕಾರಿನ ಮೇಲೆ ಮಾತ್ರ."

"ಚಳಿಗೆ ತುದಿ ಕೆಟ್ಟರೆ ಕತ್ತರಿಸಿದರಾಯಿತು, ಮತ್ತೆ ಚಿಗುರುತ್ತದೆ" ಎಂದರು ಸುಬ್ಬಣ್ಣ.

ಅಲ್ಲಿಯವರೆಗೆ ಸುಮ್ಮನಿದ್ದ ತಿಪಟೂರಿನ ಗೌಡರು ತಲೆಯಲ್ಲಾಡಿಸಿದರು. "ಸುಬ್ಬಣ್ಣನೋರೇ, ದಾಸವಾಳ ಅಲ್ಲ ಇದು. ತೆಂಗಿಗೆ ಇರುವುದು ಒಂದೇ ಸುಳಿ. ಸುಳಿ ಕೊಳೆತರೆ ಮರ ಹೋಯಿತು. ಕಾಂಡಕ್ಕೆ ಬಿದ್ದ ಗಾಯವೂ ಮಾಯುವುದಿಲ್ಲ. ಬೇರೆ ಮರದ ಹಾಗೆ ಅದು ವರ್ಷವರ್ಷ ದಪ್ಪವಾಗುತ್ತ ಹೋಗುವ ಜಾತಿಯಲ್ಲ. ನಮ್ಮ ಮನೆಯ ಹಿತ್ತಿಲಿನಲ್ಲಿ ಒಂದು ಮರವಿದೆ. ಆಳೆತ್ತರದಲ್ಲಿ ಅದರ ಸೊಂಟ ಸಣ್ಣಗಾಗಿದೆ, ಅದರ ಮೇಲೆ ಮತ್ತೆ ದಪ್ಪ. ಸುಳಿ ಆ ಎತ್ತರದಲ್ಲಿದ್ದಾಗ ಬರ ಬಿದ್ದಿತ್ತು. ನಮ್ಮಪ್ಪ ಕೆರೆಯ ಗುಂಡಿಯಿಂದ ಕೊಡದಲ್ಲಿ ನೀರು ಹೊತ್ತು ಅದನ್ನು ಉಳಿಸಿಕೊಂಡರು. ಅಪ್ಪ ಹೋಗಿ ಎಷ್ಟೋ ಕಾಲವಾಯಿತು, ಮರದ ಸೊಂಟ ಹಾಗೆಯೇ ಇದೆ."

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮೌನವೆಂದರೆ ಭಟ್ಟರಿಗೆ ಆಗದು, ಅವರು "ಈಗ ಕಾಯಿಯ ಬೆಲೆ ಹೇಗಿದೆ?" ಎಂದರು.

"ಬೆಲೆ ಏರಿದಾಗ ಕಾಯಿ ಇರುವುದಿಲ್ಲ, ಕಾಯಿ ಇದ್ದಾಗ ಬೆಲೆ ಇರುವುದಿಲ್ಲ" ಎಂದು ಗೌಡರು ನಕ್ಕರು. "2023ರ ಬರ ನಿಮಗೆ ನೆನಪಿದೆಯೇ? ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದರು. ಮರುವರ್ಷ ಮಳೆ ಬಂತು, ನೀವೆಲ್ಲ ಮರೆತಿರಿ. ತೆಂಗು ಮರೆಯುವುದಿಲ್ಲ. ಹೊಂಬಾಳೆ ಹೊರಗೆ ಕಾಣುವುದಕ್ಕೆ ಸುಮಾರು 32 ತಿಂಗಳು ಮೊದಲೇ ಅದರ ಮೊಗ್ಗು ಸುಳಿಯೊಳಗೆ ಮೂಡಿರುತ್ತದೆ. ಹೊಂಬಾಳೆ ಬಿರಿದ ಮೇಲೆ ಕಾಯಿ ಬಲಿಯುವುದಕ್ಕೆ ಇನ್ನೂ 12 ತಿಂಗಳು ಬೇಕು. ಈ ಅವಧಿಯಲ್ಲಿ ಯಾವಾಗ ನೀರು ತಪ್ಪಿದರೂ ಒಂದು ಹಂತಕ್ಕೆ ಪೆಟ್ಟು: ಒಮ್ಮೆ ಹೊಂಬಾಳೆಯೇ ಕರಗುತ್ತದೆ, ಒಮ್ಮೆ ಹೆಣ್ಣು ಹೂವು ಕಡಿಮೆಯಾಗುತ್ತದೆ, ಒಮ್ಮೆ ಹರಳು, ಅಂದರೆ ಎಳೆಗಾಯಿ, ಉದುರುತ್ತದೆ. 2025ರಲ್ಲಿ ಪೇಟೆಯವರು ತೆಂಗಿನಕಾಯಿ ಯಾಕಿಷ್ಟು ತುಟ್ಟಿ ಎಂದು ನನ್ನನ್ನೇ ಗದರಿದರು. ಹಿಂದಿನ ಬರಕ್ಕೆ ಈಗ ಬಿಲ್ಲು ಬಂದಿದೆ ಎಂದರೆ ಯಾರೂ ನಂಬುವುದಿಲ್ಲ."

"ಅಂದರೆ ಹೋದ ವರ್ಷ ನೀರು ಹಾಕುವುದನ್ನು ಮರೆತ ಯಜಮಾನ, ಮುಂದಿನ ವರ್ಷ ಹರಳು ಉದುರಿದಾಗ ಪಕ್ಕದ ಮನೆಯವರ ದೃಷ್ಟಿ ತಾಗಿತೆಂದು ಮರಕ್ಕೆ ಹಳೆಯ ಚಪ್ಪಲಿ ಕಟ್ಟುತ್ತಾನೆ" ಎಂದರು ರಾಯರು.

ಜಯಮ್ಮನವರು ಪಕ್ಕದ ಮನೆಯತ್ತ ನೋಡಿ ಬಾಗಿಲನ್ನು ಸ್ವಲ್ಪ ಮುಂದೆ ಮಾಡಿದರು.

ಮಾತು ಇಂಗ್ಲೆಂಡಿಗೆ ಹೋದದ್ದು ಸುಬ್ಬಣ್ಣನವರ ಮಗಳಿಂದ. ನಿಜವಾದ ಅಳಿಯಂದಿರು ಅಲ್ಲಿ ತಮ್ಮ ಹಿತ್ತಿಲಿನಲ್ಲಿ ಚೀನಾದ ಬೆಟ್ಟಗಳಿಂದ ಬಂದ ವಿಂಡ್‌ಮಿಲ್ ಪಾಮನ್ನು ಬೆಳೆಸಿದ್ದಾರೆ. ಅದು ಹಿಮವನ್ನೂ ತಡೆಯುವ ಗಟ್ಟಿ ಮರ. ಆದರೂ ಚಳಿಗಾಲ ಬಂದರೆ ಅವರು ಅದರ ಗರಿಗಳನ್ನು ಮೇಲಕ್ಕೆತ್ತಿ ಕಟ್ಟಿ, ಸುಳಿಗೆ ನೀರಿಳಿದು ಕೊಳೆಯದಂತೆ ಬಟ್ಟೆ ಸುತ್ತುತ್ತಾರೆ.

"ಮಾವನಂತೆಯೇ ಅಳಿಯ" ಎಂದು ಸುಬ್ಬಣ್ಣನವರು ಹೆಮ್ಮೆಪಟ್ಟರು.

"2022ರ ಜುಲೈಯಲ್ಲಿ ಅಲ್ಲಿ 40 ಡಿಗ್ರಿ ದಾಟಿತ್ತಲ್ಲ, ಆಗ?" ಎಂದು ರಾಯರು ಕೇಳಿದರು.

"ಆಗ ಪಾಮಿಗೇನೂ ಆಗಲಿಲ್ಲ. ಅಳಿಯಂದಿರಿಗೇ ಒದ್ದೆ ಬಟ್ಟೆ ಸುತ್ತಬೇಕಾಯಿತು ಎಂದು ಮಗಳು ಫೋನು ಮಾಡಿದ್ದಳು" ಎಂದರು ಜಯಮ್ಮ.

ನಗು ಇಳಿದ ಮೇಲೆ ಸುಬ್ಬಣ್ಣನವರು ತಮ್ಮ ಕೊನೆಯ ಅಸ್ತ್ರವನ್ನು ಹೊರತೆಗೆದರು. "ಒಂದು ಮಾತು ಕೇಳುತ್ತೇನೆ, ನೇರವಾಗಿ ಹೇಳಿ. ಈ ಗಿಡ ಚಳಿಗೆ ಸಾಯಬೇಕಿತ್ತು ಎಂದು ನೀವೆಲ್ಲ ಹೇಳಿದಿರಿ. ಜನವರಿ ಕಳೆಯಿತು, ಸಾಯಲಿಲ್ಲ. ಈಗೇನೆನ್ನುತ್ತೀರಿ?"

ರಾಯರು ತಕ್ಷಣ ಉತ್ತರಿಸಲಿಲ್ಲ; ಅದೇ ಒಂದು ವಿಶೇಷ. ಆಮೇಲೆ ಹೇಳಿದರು: "ಅದು ಬದುಕಿದ್ದಕ್ಕೆ ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. 1884ರ ಜನವರಿ 13ರಂದು ಈ ಊರಿನಲ್ಲಿ 7.8 ಡಿಗ್ರಿ ದಾಖಲಾಗಿತ್ತು. ಅಷ್ಟು ಹಿಂದಕ್ಕೆ ಹೋಗುವುದೇಕೆ, ನಾವು ಹುಡುಗರಾಗಿದ್ದಾಗ ಡಿಸೆಂಬರಿನ ಬೆಳಗ್ಗೆ ಸ್ವೆಟರ್ ಇಲ್ಲದೆ ಹಾಲಿನ ಬೂತಿಗೆ ಹೋದವರಿದ್ದೇವೆಯೇ? ಮನೆಗಳಲ್ಲಿ ಫ್ಯಾನು ಇರಲಿಲ್ಲ. ಇದ್ದರೂ ನೆಂಟರಿಗಾಗಿ ಇತ್ತು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡೆವು, 2024ರ ಏಪ್ರಿಲ್‌ನಲ್ಲಿ ಒಂದು ಕೊಡ ನೀರಿಗೆ ಟ್ಯಾಂಕರಿನ ಹಿಂದೆ ನಿಂತೆವು. ನಿಮ್ಮ ಪೋರ್ಟಿಕೋದ ಸುತ್ತ ಈಗ ಕಾಂಕ್ರೀಟು, ಡಾಂಬರು. ಹಗಲು ನುಂಗಿದ ಬಿಸಿಯನ್ನು ರಾತ್ರಿಯಿಡೀ ಉಗುಳುತ್ತಿವೆ. ನೀವು ಅಳಿಯನನ್ನು ಊರಿಗೆ ಒಗ್ಗಿಸಲಿಲ್ಲ ಸುಬ್ಬಣ್ಣ. ಊರೇ ಅಳಿಯನಿಗೆ ಒಗ್ಗುತ್ತಿದೆ. ನನಗೆ ಆ ಹಳೆಯ ಚಳಿ ಬೇಕಾಗಿತ್ತು, ಈ ಗಿಡ ಸತ್ತರೂ ಚಿಂತೆಯಿರಲಿಲ್ಲ."

"ಚಳಿ ಕಡಿಮೆಯಾದರೂ ಗಾಳಿಗೆ ತೇವ ಬರಲಿಲ್ಲವಲ್ಲ" ಎಂದರು ಗೌಡರು, ಕಂದುಗಟ್ಟಿದ ಒಂದು ಗರಿಯನ್ನು ಬೆರಳಿನಿಂದ ಸವರುತ್ತ. "ಏಪ್ರಿಲ್ ಬರಲಿ, ನೋಡೋಣ."

ಸುಬ್ಬಣ್ಣನವರು ಬಹಳ ಹೊತ್ತು ಯೋಚಿಸಿ, ಪಶ್ಚಾತ್ತಾಪಪಟ್ಟವರ ಮುಖ ಮಾಡಿದರು. "ಆಯಿತು, ನಿಮ್ಮ ಮಾತನ್ನೇ ಒಪ್ಪುತ್ತೇನೆ. ಇನ್ನು ಮುಂದೆ ಹೊರದೇಶದ ಸಂಬಂಧ ಬೇಡ. ನಮ್ಮ ಕರಾವಳಿಯಲ್ಲಿಯೇ ಬೆಳೆಯುವ ಶ್ರೀತಾಳೆಯ ಸಸಿಯೊಂದನ್ನು ಹೇಳಿದ್ದೇನೆ. ಪೂರ್ವಿಕರು ಗ್ರಂಥ ಬರೆದದ್ದು ಅದರ ಗರಿಯ ಮೇಲೆಯೇ. ಇದಕ್ಕಿಂತ ಕುಲವಂತ ಎಲ್ಲಿ ಸಿಗುತ್ತಾನೆ?"

ಭಟ್ಟರು ಕಾಫಿಯ ಲೋಟವನ್ನು ಕೆಳಗಿಟ್ಟರು. "ಕುಲವಂತನೇನೋ ಹೌದು. ಆದರೆ ಶ್ರೀತಾಳೆ ಮೂವತ್ತರಿಂದ ಎಂಬತ್ತು ವರ್ಷದವರೆಗೆ ಬೆಳೆದು, ಒಂದೇ ಒಂದು ಬಾರಿ ಹೂಬಿಟ್ಟು, ಕಾಯಿ ಬಲಿತ ಮೇಲೆ ಸಾಯುತ್ತದೆ."

"ಅದಿರಲಿ, ಅದರ ಒಂದು ಎಲೆಯೇ ಐದು ಮೀಟರಿನವರೆಗೆ ಹರಡುತ್ತದೆ" ಎಂದು ರಾಯರು ಕಣ್ಣಿನಲ್ಲಿಯೇ ಕಾಂಪೌಂಡನ್ನು ಅಳೆದರು. "ನಿಮ್ಮ ಸೈಟಿನ ಅಗಲ ಮೂವತ್ತು ಅಡಿ. ಎರಡು ಎಲೆ ಬಿಚ್ಚಿದರೆ ಸೈಟು ಮುಗಿಯಿತು. ಮೂರನೆಯದು ಕಾರ್ಪೊರೇಷನ್ನಿನವರ ಅನುಮತಿ ಪಡೆದು ಬರಬೇಕು."

ಸುಬ್ಬಣ್ಣನವರು ಹೆಂಡತಿಯ ಮುಖವನ್ನು ನೋಡಿದರು. ಜಯಮ್ಮನವರು ಆಗಲೇ ಹಬೆಯ ಯಂತ್ರದ ಸ್ವಿಚ್ಚನ್ನು ಆರಿಸಿ, ಅದರ ತಂತಿಯನ್ನು ಸುತ್ತುತ್ತಿದ್ದರು.

"ಧಾರಾಳವಾಗಿ ತನ್ನಿ. ಮೊದಲು ಪಕ್ಕದ ಸೈಟನ್ನು ಕೊಳ್ಳಿ. ಅಳಿಯ, ಮಾವ ಇಬ್ಬರೂ ಅಲ್ಲಿಯೇ ಇರಿ."