ಅತ್ತೆ, ವೋಲ್ತೆರಾಕ್ಕೆ ಖಂಡಿತ ಹೋಗಿ

ಅತ್ತೆ, ನಿಮ್ಮ ಮೆಸೇಜ್ ಈಗಷ್ಟೇ ನೋಡಿದೆ. ಫ್ಲಾರೆನ್ಸ್‌ನಲ್ಲಿ ಇರುವಾಗ ಒಂದು ದಿನ ಪೀಸಾದ ವಾಲಿದ ಗೋಪುರ ನೋಡೋದಾ, ವೋಲ್ತೆರಾಕ್ಕೆ ಹೋಗೋದಾ, ಮಾವನಿಗೆ ಮಂಡಿನೋವು ಬೇರೆ ಅಂತ ಕೇಳಿದ್ದೀರಿ. ವೋಲ್ತೆರಾಕ್ಕೇ ಹೋಗಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಅದು ಇಟಲಿಯ ಟಸ್ಕನಿಯಲ್ಲಿ ಬೆಟ್ಟದ ಮೇಲಿನ ಊರು, 500 ಮೀಟರಿಗಿಂತ ಎತ್ತರ. ರೋಮನ್ನರ ಕಾಲಕ್ಕೂ ಮೊದಲು ಅಲ್ಲಿ ಎಟ್ರಸ್ಕನ್ ಜನ ಇದ್ದರು. ಊರಿಗೆ ವೆಲಾಥ್ರಿ ಅನ್ನುತ್ತಿದ್ದರು. ಅವರ ಕೋಟೆಗೋಡೆ ಸುಮಾರು 7 ಕಿಲೋಮೀಟರ್ ಇತ್ತು. ಈಗಿನ ಊರು ಅದಕ್ಕಿಂತ ಎಷ್ಟೋ ಚಿಕ್ಕದು.

ಆ ಕೋಟೆಯ ಒಂದು ಬಾಗಿಲು ಇನ್ನೂ ನಿಂತಿದೆ, ಪೋರ್ತಾ ಆಲ್ ಆರ್ಕೋ ಅಂತ. ಕಮಾನಿನ ಮೇಲೆ ಮೂರು ತಲೆಗಳಿವೆ. ಗಾಳಿ ಮಳೆಗೆ ಸವೆದು ಕಣ್ಣು ಮೂಗು ಒಂದೂ ಉಳಿದಿಲ್ಲ. 1944ರ ಯುದ್ಧದಲ್ಲಿ ಜರ್ಮನ್ ಸೈನ್ಯ ಹಿಂದೆ ಸರಿಯುವಾಗ ಈ ಬಾಗಿಲನ್ನು ಸಿಡಿಸಲು ಹೊರಟಿತ್ತು, ಎದುರಿನ ಸೈನ್ಯ ಇದರಿಂದ ಒಳಗೆ ಬರಬಾರದು ಅಂತ. ಊರವರು ಏನು ಮಾಡಿದರು ಗೊತ್ತಾ? ಬೀದಿಗೆ ಹಾಸಿದ್ದ ಕಲ್ಲುಗಳನ್ನೇ ಕಿತ್ತು ತಂದು, 24 ಗಂಟೆಯೊಳಗೆ ಬಾಗಿಲನ್ನು ತಾವೇ ತುಂಬಿ ಮುಚ್ಚಿಬಿಟ್ಟರು. ದಾರಿಯೇ ಮುಚ್ಚಿದ ಮೇಲೆ ಸಿಡಿಸುವುದೇನು? ಎರಡು ಸಾವಿರ ವರ್ಷಕ್ಕೂ ಹಳೆಯ ಬಾಗಿಲು ಹಾಗೆ ಉಳಿಯಿತು. ಅಲ್ಲಿ ನಿಂತಾಗ ನನಗೆ ಗಂಟಲು ಕಟ್ಟಿತು ಅತ್ತೆ.

ಆಮೇಲೆ ಗ್ವಾರ್ನಾಚ್ಚಿ ಮ್ಯೂಸಿಯಂ. ಅದನ್ನು ಮಾತ್ರ ಬಿಡಬೇಡಿ. ಎಟ್ರಸ್ಕನ್ನರು ಸತ್ತವರನ್ನು ಸುಟ್ಟು ಬೂದಿಯನ್ನು ಕಲ್ಲಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಅಂಥ 600ಕ್ಕೂ ಜಾಸ್ತಿ ಪೆಟ್ಟಿಗೆಗಳು ಅಲ್ಲಿವೆ. ಮುಚ್ಚಳದ ಮೇಲೆ ಸತ್ತವರು ಊಟಕ್ಕೆ ಒರಗಿ ಕೂತ ಹಾಗೆ ಶಿಲ್ಪ. ಗಂಡಸರ ಕೈಯಲ್ಲಿ ಬಟ್ಟಲು, ಹೆಂಗಸರ ಕೈಯಲ್ಲಿ ಬೀಸಣಿಗೆ, ಕನ್ನಡಿ, ದಾಳಿಂಬೆ. ಅವರಲ್ಲಿ ಹೆಂಗಸರೂ ಗಂಡನ ಜೊತೆ ಔತಣಕ್ಕೆ ಕೂರುತ್ತಿದ್ದರು.

ಒಂದು ಮಣ್ಣಿನ ಮುಚ್ಚಳದ ಮೇಲೆ ವಯಸ್ಸಾದ ಗಂಡ ಹೆಂಡತಿ ಇದ್ದಾರೆ. ಚಂದ ಕಾಣಲಿ ಅಂತ ಸುಮ್ನೆ ತಿದ್ದಿಲ್ಲ. ಮುಖ ಪೂರ್ತಿ ಸುಕ್ಕು. ಹೆಂಡತಿ ತಲೆಯೆತ್ತಿ ಗಂಡನ ಮುಖವನ್ನೇ ನೋಡುತ್ತಿದ್ದಾಳೆ. ನಾನು ಎರಡು ಸಲ ವಾಪಸ್ ಹೋಗಿ ನೋಡಿದೆ. ಅವರ ಭಾಷೆಯ ಅಕ್ಷರ ಓದಲು ಬರುತ್ತದೆ, ಅರ್ಥ ಪೂರ್ತಿ ಸಿಕ್ಕಿಲ್ಲವಂತೆ. ಆದರೆ ಆ ನೋಟಕ್ಕೆ ಅರ್ಥ ಕೇಳಬೇಕಾಗಿಲ್ಲ, ಅಲ್ವಾ?

ಇನ್ನು ಮಾವನ ಮಂಡಿ. ಬಾಗಿಲಿನ ಬೀದಿ ಕಡಿದಾಗಿದೆ, ಕೆಳಗೆ ಇಳಿದರೆ ಮತ್ತೆ ಹತ್ತಬೇಕು. ಅಲ್ಲಿಗೆ ಬೆಳಿಗ್ಗೆ ತಂಪಿನಲ್ಲೇ ಹೋಗಿ, ನಿಂತು ನಿಂತು ಹತ್ತಿ. ಒಳ್ಳೆ ಅಡಿಯ ಶೂ ಇರಲಿ. ರೈಲು ಬೆಟ್ಟದ ಮೇಲಿನವರೆಗೆ ಹೋಗುವುದಿಲ್ಲ, ಬಸ್ಸು ಬದಲಾಯಿಸಬೇಕಾಗುತ್ತದೆ. ನಿಮಗೆ ಕಾರೇ ಸುಖ. ಆದರೆ ಊರೊಳಗೆ ಹೊರಗಿನವರ ಕಾರು ಬಿಡುವುದಿಲ್ಲ, ಗೋಡೆಯ ಹೊರಗೆ ನಿಲ್ಲಿಸಿ. ಆಗುವುದಾದರೆ ಒಂದು ರಾತ್ರಿ ಉಳಿಯಿರಿ. ಮ್ಯೂಸಿಯಂ ತೆರೆದಿರುವ ಸಮಯವನ್ನು ಮೊದಲೇ ನೋಡಿಕೊಳ್ಳಿ.

ಮತ್ತೆ ಅತ್ತೆ, ಆ ಅಜ್ಜ ಅಜ್ಜಿಯ ಪಕ್ಕ ನೀವೂ ಮಾವನೂ ನಿಂತು ಒಂದು ಫೋಟೋ ತೆಗೆಸಿಕೊಂಡು ಗ್ರೂಪಿಗೆ ಹಾಕಿ. ಅಪ್ಪನಿಗೂ ತೋರಿಸಬೇಕು.